ಮುಳುಗಿದ ಮನೆ ಹೇಳುವ ಕಥೆ

‘ವಿಡಿಯೊ ಗೇಮ್’ ಎಂಬ ಮಾತು ಬೆಳಗಾವಿ ಜಿಲ್ಲೆಯ ಮನೆಗಳಲ್ಲಿ ಇಂದಿಗೂ ಅಳುಕನ್ನೇ ಹುಟ್ಟಿಸುತ್ತದೆ. ಅದಕ್ಕೆ ಕಾರಣಗಳಿಲ್ಲದಿಲ್ಲ. 2019ರಲ್ಲಿ ಮೊಬೈಲ್ ಆಟದ ಗೀಳಿನ ಹಿನ್ನೆಲೆಯಲ್ಲಿ ಇದೇ ಜಿಲ್ಲೆಯಲ್ಲಿ ನಡೆದ ಘೋರ ಕೃತ್ಯವೊಂದು ರಾಜ್ಯವನ್ನೇ ತಲ್ಲಣಗೊಳಿಸಿತ್ತು. ಮರುವರ್ಷ ಕೇಂದ್ರ ಸರ್ಕಾರವು ದೇಶದ ಭದ್ರತೆಯ ಕಾರಣ ನೀಡಿ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ತಡೆಯೊಡ್ಡುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಹೀಗೆ ಆಟದ ಸುದ್ದಿ ನಮ್ಮ ಮನೆಗಳನ್ನು ಮುಟ್ಟಿದಾಗಲೆಲ್ಲ ಬಹುಪಾಲು ಅಪರಾಧದ, ಸಾಲದ ಇಲ್ಲವೇ ನಿಷೇಧದ ಸುದ್ದಿಯಾಗಿಯೇ ಮುಟ್ಟಿದೆ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ತಂದೆ ತಾಯಂದಿರನ್ನು ದೂಷಿಸುವಂತಿಲ್ಲ.

ಆದರೆ ಹತ್ತು ಬಗೆಯ ವಸ್ತುಗಳು ಒಂದೇ ಹೆಸರಿನಡಿ ಸೇರಿಕೊಂಡಾಗ ವಿವೇಚನೆ ಸೋಲುತ್ತದೆ. ಪಂಚಾಂಗ, ಪತ್ತೇದಾರಿ ಕಾದಂಬರಿ, ಮಹಾಕಾವ್ಯ ಈ ಮೂರೂ ಅಚ್ಚಾದ ಪುಸ್ತಕಗಳೇ. ಹಾಗೆಂದು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಯಾರೂ ಇಲ್ಲ. ವಿಡಿಯೊ ಗೇಮ್‌ಗಳ ವಿಷಯದಲ್ಲಿ ಮಾತ್ರ ನಾವು ಈ ಎಚ್ಚರವನ್ನು ತೋರಿದ್ದು ಕಡಿಮೆ. ಗುಂಡು ಹಾರಿಸುವ, ಅಂಕ ಗಳಿಸುವ, ಹಣ ಪಣಕ್ಕಿಡುವ ಆಟಗಳ ಆಚೆಗೆ ಬೇರೊಂದು ಪ್ರಕಾರವೇ ಬೆಳೆದು ನಿಂತಿದೆ. ಅಲ್ಲಿ ಆಡುವವರು ಮಾಡಬೇಕಾದದ್ದು ಇಷ್ಟೇ: ಒಂದು ಸ್ಥಳದಲ್ಲಿ ನಿಧಾನವಾಗಿ ನಡೆದಾಡುವುದು, ಅಲ್ಲಿ ಉಳಿದಿರುವ ವಸ್ತುಗಳನ್ನು ನೋಡುವುದು, ಅಲ್ಲಿ ಬಾಳಿ ಹೋದವರ ಕಥೆಯನ್ನು ಅರಿಯುವುದು. ಅಂಥದೊಂದು ಆಟವನ್ನು ಹುಕ್ಕೇರಿಯ ಮನೆಯೊಂದರಲ್ಲಿ ಕುಳಿತು ಆಡಿದಾಗ ದೊರೆತ ಅನಿರೀಕ್ಷಿತ ಸಂತೋಷವೇ ಈ ಬರಹಕ್ಕೆ ಪ್ರೇರಣೆ.

ಆಟದ ಹೆಸರು ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’. ಅಮೆರಿಕದ ಜಯಂಟ್ ಸ್ಪ್ಯಾರೊ ಎಂಬ ಸಂಸ್ಥೆ 2017ರಲ್ಲಿ ಇದನ್ನು ಹೊರತಂದಿತು. 2018ರಲ್ಲಿ ಬ್ರಿಟನ್ನಿನ ಬಾಫ್ಟಾ ಅತ್ಯುತ್ತಮ ಆಟ ಪ್ರಶಸ್ತಿಯೂ ಇದಕ್ಕೆ ಸಂದಿತು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ತನ್ನ ಲ್ಯಾಪ್‌ಟಾಪ್ ಮುಂದಿಡುತ್ತ, ‘ಕಾಕಾ, ಇದರಾಗ ಗೆಲ್ಲೂದೂ ಇಲ್ಲ, ಸೋಲೂದೂ ಇಲ್ಲ. ಸುಮ್ನ ಮನ್ಯಾಗ ಅಡ್ಡಾಡೂದು ಐತಿ’ ಎಂದ. ಅಡ್ಡಾಡಿ ಮುಗಿಸಲು ಬೇಕಾದದ್ದು ಎರಡರಿಂದ ಮೂರು ತಾಸು. ಒಂದು ಸಿನಿಮಾ ನೋಡುವಷ್ಟೇ ಹೊತ್ತು. ಆದರೆ ಮನಸ್ಸಿನ ಮೇಲೆ ಅದು ಉಳಿಸಿದ ಗುರುತು ಒಳ್ಳೆಯ ಕಾದಂಬರಿಯೊಂದು ಉಳಿಸುವಂಥದು.

ಕಥೆ ನಡೆಯುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ದ್ವೀಪದಲ್ಲಿ. ಹದಿನೇಳು ವರ್ಷದ ಎಡಿತ್, ಯಾರೂ ವಾಸಿಸದ ತನ್ನ ಮನೆತನದ ಮನೆಗೆ ಮರಳುತ್ತಾಳೆ. ಫಿಂಚ್ ಕುಟುಂಬದವರು ಬಹುತೇಕ ಅಕಾಲ ಮರಣಕ್ಕೆ ತುತ್ತಾದವರು. ಶಾಪವೊಂದು ವಂಶದ ಬೆನ್ನು ಹತ್ತಿದೆಯೆಂಬ ನಂಬಿಕೆ ಮನೆಯಲ್ಲಿದೆ. ಯಾರಾದರೂ ತೀರಿಕೊಂಡರೆ ಅವರ ಕೋಣೆಯನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಮುತ್ತಜ್ಜಿ ಈಡಿಯ ರೂಢಿ. ಇರುವವರಿಗೆ ಕೋಣೆ ಸಾಲದಾದಾಗ ಮನೆಯ ಮೇಲೆ ಮನೆ ಏರುತ್ತದೆ. ಆಡುವವರು ಒಂದೊಂದು ಕೋಣೆಯನ್ನೂ ಹೊಕ್ಕು ಅಲ್ಲಿನ ದಿನಚರಿ, ಪತ್ರ, ಪದ್ಯ, ಛಾಯಾಚಿತ್ರಗಳನ್ನು ಎತ್ತಿಕೊಂಡಂತೆ ಆ ವ್ಯಕ್ತಿಯ ಕೊನೆಯ ಗಳಿಗೆಗಳನ್ನು ತಾವೇ ಬಾಳುತ್ತಾರೆ. ಎಡಿತ್‌ಳ ಮಾತುಗಳು ಗೋಡೆಯ ಮೇಲೆ, ಬೇಲಿಯ ಮೇಲೆ, ಗಾಳಿಯಲ್ಲಿ ಅಕ್ಷರಗಳಾಗಿ ಮೂಡುತ್ತವೆ. ಇಷ್ಟೊಂದು ಸಾವಿನ ಕಥೆಯಾದರೂ ಇಲ್ಲಿ ರಕ್ತದ ವೈಭವವಿಲ್ಲ. ಮರದ ಕೊಂಬೆಗೆ ಕಟ್ಟಿದ ಜೋಕಾಲಿಯನ್ನು ಜೀಕುತ್ತ ಆಕಾಶಕ್ಕೆ ಹಾರಬಯಸುವ ಬಾಲಕನ ಸಂತೋಷವನ್ನೇ ಆಟ ನಮ್ಮ ಕೈಗೆ ಕೊಡುತ್ತದೆ. ದುಃಖ ಆಮೇಲೆ, ತಾನಾಗಿಯೇ ಬರುತ್ತದೆ.

ಆಟದ ಜೀವಾಳವಿರುವುದು ಇಬ್ಬರು ಹೆಂಗಸರ ನಡುವಿನ ತಗಾದೆಯಲ್ಲಿ. ಸತ್ತವರ ಕಥೆಗಳನ್ನು ಹೇಳುತ್ತಲೇ ಇರಬೇಕು, ಹೇಳಿದಷ್ಟು ದಿನ ಅವರು ಉಳಿಯುತ್ತಾರೆ ಎಂಬುದು ಮುತ್ತಜ್ಜಿಯ ನಿಲುವು. ಈ ಕಥೆಗಳೇ ಮನೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿವೆ ಎಂಬುದು ಎಡಿತ್‌ಳ ತಾಯಿ ಡಾನ್‌ಳ ಭಯ. ತಾಯಿ ಕೋಣೆಗಳ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿಸುತ್ತಾಳೆ. ಮುತ್ತಜ್ಜಿ ಅದೇ ಬಾಗಿಲುಗಳಲ್ಲಿ ಇಣುಕಿ ನೋಡಲು ತೂತು ಕೊರೆಸುತ್ತಾಳೆ. ನೋವನ್ನು ಹೇಳಿ ಹಗುರಾಗಬೇಕೇ, ಮರೆತು ಮುಂದೆ ಸಾಗಬೇಕೇ ಎಂಬ ಪ್ರಶ್ನೆ ಯಾವ ಮನೆತನಕ್ಕೆ ಹೊಸದು? ಆಟ ಇದಕ್ಕೆ ತೀರ್ಪು ಕೊಡುವುದಿಲ್ಲ. ಇಬ್ಬರ ಮಾತಿನಲ್ಲೂ ಇರುವ ಪ್ರೀತಿಯನ್ನು ತೋರಿಸಿ ಸುಮ್ಮನಾಗುತ್ತದೆ.

ಈ ಆಟ ನಮ್ಮ ಸೀಮೆಯವರನ್ನು ವಿಶೇಷವಾಗಿ ತಟ್ಟಲು ಮತ್ತೊಂದು ಕಾರಣವಿದೆ. ಫಿಂಚ್ ಕುಟುಂಬದ ಹಿರಿಯ ಓಡಿನ್ 1937ರಲ್ಲಿ ಶಾಪದಿಂದ ಪಾರಾಗಲೆಂದು ನಾರ್ವೆಯಿಂದ ತನ್ನ ಮನೆಯನ್ನೇ ಕಡಲ ಮೇಲೆ ತೇಲಿಸಿಕೊಂಡು ಹೊರಡುತ್ತಾನೆ. ದಡ ಇನ್ನೇನು ಸಿಕ್ಕಿತು ಎನ್ನುವಾಗ ಮನೆ ಮುಳುಗುತ್ತದೆ, ಓಡಿನ್ ಅದರೊಡನೆ ಹೋಗುತ್ತಾನೆ. ಬದುಕುಳಿದವರು ದಡದಲ್ಲಿ ಹೊಸ ಮನೆ ಕಟ್ಟಿಕೊಂಡರೂ ಹಳೆಯ ಮನೆಯ ಅವಶೇಷ ಕಿಟಕಿಯಿಂದ ಕಾಣುತ್ತಲೇ ಇರುತ್ತದೆ. ಎಡಿತ್ ಹುಟ್ಟಿದ ರಾತ್ರಿ ಕಡಲು ಹಿಂದೆಂದೂ ಇಲ್ಲದಷ್ಟು ಹಿಂದೆ ಸರಿಯಿತೆಂದೂ, ತಾನು ಆ ಹಳೆಯ ಮನೆಯತ್ತ ನಡೆದು ಹೋದೆನೆಂದೂ ಮುತ್ತಜ್ಜಿ ಮರಿಮಗಳಿಗಾಗಿ ಬರೆದಿಡುತ್ತಾಳೆ. ಬಾಲಕಿ ಅದನ್ನು ಓದಿ ಮುಗಿಸುವ ಮೊದಲೇ ತಾಯಿ ಪುಸ್ತಕವನ್ನು ಕಸಿಯುತ್ತಾಳೆ, ಪುಟಗಳು ಹರಿಯುತ್ತವೆ. ಮುಳುಗಿದ ಮನೆಯೊಳಗೆ ಅಜ್ಜಿ ಕಂಡದ್ದೇನು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇದನ್ನು ಆಡುತ್ತಿರುವಾಗ ಹಿಡಕಲ್ ಜಲಾಶಯ ನೆನಪಾಗದಿರಲು ಸಾಧ್ಯವೇ? ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯದ ಹಿನ್ನೀರಿನಲ್ಲಿ ಹುನ್ನೂರು ಮುಳುಗಿತು. ಆ ಊರಿನ ವಿಠ್ಠಲ ಮಂದಿರ ನೀರಿನಡಿಯಲ್ಲೇ ನಿಂತಿದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಕಲ್ಲಿನ ಗುಡಿ ಮೆಲ್ಲಗೆ ಮೇಲೇಳುತ್ತದೆ. ಜನ ನಡೆದು ಹೋಗಿ ಕೈ ಮುಗಿದು ಬರುತ್ತಾರೆ. ಮಳೆ ಹಿಡಿದು ಹೊಳೆ ತುಂಬಿದರೆ ಗುಡಿ ಮತ್ತೆ ಮಾಯ. ಎಡಿತ್ ಫಿಂಚ್‌ಳ ಕಥೆಯನ್ನು ಹೆಣೆದವರು ಕಲ್ಪಿಸಿಕೊಂಡದ್ದು ನಮ್ಮಲ್ಲಿ ಕಣ್ಣೆದುರಿಗೇ ನಡೆಯುತ್ತಿದೆ. ಆಟದ ನಿರ್ದೇಶಕ ಇಯಾನ್ ಡಲಾಸ್‌ಗೆ ಮೊದಲ ಹೊಳಹು ಸಿಕ್ಕದ್ದು ಬಾಲ್ಯದಲ್ಲಿ ನೀರಿನಾಳಕ್ಕೆ ಇಳಿದ ಅನುಭವದಿಂದ, ಕಡಲತಳ ಜಾರುತ್ತ ಕತ್ತಲೆಗೆ ಸೇರುವುದನ್ನು ಕಂಡಾಗಿನ ಬೆರಗಿನಿಂದ. ಅಂಥ ಬೆರಗಿಗೆ ನಮ್ಮಲ್ಲಿ ಬರವಿಲ್ಲ.

ಘಟಪ್ರಭೆ ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದ ನದಿ. ಹುಕ್ಕೇರಿಯಲ್ಲಿ ನಿಲ್ಲಿಸಿದ ನೀರು ಧೂಪದಾಳದ ಬಳಿ ಎಡದಂಡೆ ಕಾಲುವೆಗೆ ಹೊರಳಿ ಮೂಡಲಗಿಯ ಕಡೆಯ ಹೊಲಗಳಿಗೆ ಹಸಿರು ತಂದಿದೆ. ಉಳಿದ ನೀರು ಮುಂದೆ ಹರಿದು ಗೋಕಾಕದಲ್ಲಿ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಒಬ್ಬರ ಊರು ಮುಳುಗಿದ್ದರಿಂದ ಇನ್ನೊಬ್ಬರ ಕಬ್ಬು ಬೆಳೆಯಿತು ಎಂಬುದು ಆರೋಪವಲ್ಲ, ನಮ್ಮ ಚರಿತ್ರೆ. 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಗೋಕಾಕ ಪಟ್ಟಣವನ್ನು ಹೊಕ್ಕಿತು, ಲೋಳಸೂರ ಸೇತುವೆಯನ್ನು ಮುಳುಗಿಸಿತು. ನೆರೆ ಇಳಿದ ಮೇಲೆ ಗೋಡೆಗಳ ಮೇಲೆ ಉಳಿಯುವ ಕೆಸರಿನ ಗೆರೆಯೂ ಓದಬಲ್ಲವರಿಗೆ ಒಂದು ಕಥೆಯೇ. ನಾವು ಚರ್ಚಿಸುತ್ತಿರುವ ಪ್ರಕಾರದ ಆಟಗಳು ಕಲಿಸುವುದು ಈ ಓದನ್ನೇ: ಸ್ಥಳವನ್ನು ಓದುವ ವಿದ್ಯೆಯನ್ನು.

ಆಟದ ಇನ್ನೊಂದು ಅಧ್ಯಾಯ ಗೋಕಾಕದವರಿಗೆ ಹತ್ತಿರವಾದೀತು. ಎಡಿತ್‌ಳ ಅಣ್ಣ ಲೂಯಿಸ್ ಮೀನು ಸಂಸ್ಕರಿಸುವ ಕಾರ್ಖಾನೆಯ ಕೂಲಿ. ಬಲಗೈಯಿಂದ ಮೀನನ್ನು ಎತ್ತಿ ಕತ್ತಿಯಡಿ ಇಟ್ಟು ಮುಂದಕ್ಕೆ ತಳ್ಳುವುದು ದಿನವಿಡೀ ಅವನ ಕೆಲಸ. ಬೇಸರ ನೀಗಲು ಅವನು ಮನಸ್ಸಿನಲ್ಲೇ ರಾಜ್ಯವೊಂದನ್ನು ಕಟ್ಟತೊಡಗುತ್ತಾನೆ. ಆಡುವವರೂ ಒಂದು ಕೈಯಲ್ಲಿ ಮೀನು ಕತ್ತರಿಸುತ್ತಲೇ ಇನ್ನೊಂದು ಕೈಯಲ್ಲಿ ಆ ಕನಸಿನ ರಾಜ್ಯದಲ್ಲಿ ನಡೆಯಬೇಕು. ಬರಬರುತ್ತ ಕನಸು ಹಿಗ್ಗಿ ತೆರೆಯನ್ನೆಲ್ಲ ಆವರಿಸುತ್ತದೆ. ಆದರೆ ಮೀನು ಕತ್ತರಿಸುವ ಕೈ ಮಾತ್ರ ನಿಲ್ಲುವುದಿಲ್ಲ. ಯಂತ್ರದ ಮುಂದೆ ದುಡಿಯುವವನ ಒಳಬದುಕನ್ನು ಕಾದಂಬರಿ ವರ್ಣಿಸಬಲ್ಲದು, ಸಿನಿಮಾ ತೋರಿಸಬಲ್ಲದು. ಆ ಇಬ್ಬಂದಿತನವನ್ನು ನಮ್ಮ ಎರಡು ಕೈಗಳಿಗೇ ಕಲಿಸಿ ಅನುಭವಕ್ಕೆ ತರುವುದು ಆಟಕ್ಕೆ ಮಾತ್ರ ಸಾಧ್ಯವಾದ ಕೆಲಸ. ಈ ಮಾಧ್ಯಮಕ್ಕೆ ತನ್ನದೇ ಆದ ಶಕ್ತಿ ಇದೆ ಎಂಬುದು ಮನವರಿಕೆಯಾಗುವುದು ಇಲ್ಲಿ.

ಗೋಕಾಕ ಜಲಪಾತದ ನೆತ್ತಿಯಲ್ಲಿ 1880ರ ದಶಕದಲ್ಲಿ ಎದ್ದ ಹತ್ತಿ ಗಿರಣಿಯ ಯಂತ್ರಗಳನ್ನು ಘಟಪ್ರಭೆಯ ರಭಸವೇ ತಿರುಗಿಸಿತು. ತಲೆಮಾರುಗಳ ಕಾಲ ಜನ ಗಿರಣಿಯ ಭೋಂಗಾ ಕೇಳಿ ಪಾಳಿಗೆ ಹೊರಟರು, ಕಡಿದ ನೂಲನ್ನು ಬೆರಳ ತುದಿಯಲ್ಲಿ ಬೆಸೆದರು. ಆಗ ಅವರ ಮನಸ್ಸು ಎಲ್ಲಿತ್ತು, ಅವರು ಕಟ್ಟಿಕೊಂಡ ರಾಜ್ಯ ಯಾವುದು? ಜಲಪಾತ ನೋಡಲು ಬರುವ ಪ್ರವಾಸಿಗರು ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯ ಚಿತ್ರ ತೆಗೆದುಕೊಂಡು, ಕರದಂಟು ಕಟ್ಟಿಸಿಕೊಂಡು ಮರಳುತ್ತಾರೆ. ಸೇತುವೆಯ ಮೇಲೆ ನಡೆದವರ ಕಥೆ ಅವರಿಗೆ ಸಿಗುವುದಿಲ್ಲ.

ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ‘ವಾಕಿಂಗ್ ಸಿಮ್ಯುಲೇಟರ್’ ಎಂಬ ಹೆಸರಿದೆ. ನಡೆಯುವುದನ್ನು ಬಿಟ್ಟು ಇದರಲ್ಲೇನಿದೆ ಎಂಬ ಮೂದಲಿಕೆಯಿಂದ ಹರಡಿದ ಹೆಸರದು. 2012ರ ‘ಡಿಯರ್ ಎಸ್ತರ್’, 2013ರ ‘ಗಾನ್ ಹೋಮ್’, 2016ರ ‘ಫೈರ್‌ವಾಚ್’ಗಳು ಆ ಮೂದಲಿಕೆಯನ್ನೇ ಬಿರುದಾಗಿಸಿಕೊಂಡವು. ಆದರೆ ಬೇರು ಇನ್ನೂ ಹಳೆಯದು. 1976ರ ಸುಮಾರಿಗೆ ವಿಲ್ ಕ್ರೌದರ್ ಎಂಬ ಅಮೆರಿಕದ ಪ್ರೋಗ್ರಾಮರ್, ಹೆಂಡತಿಯಿಂದ ಬೇರೆಯಾದ ದಿನಗಳಲ್ಲಿ, ತನ್ನ ಹೆಣ್ಣುಮಕ್ಕಳಿಗಾಗಿ ಒಂದು ಆಟ ಬರೆದ. ಅದರಲ್ಲಿ ಚಿತ್ರಗಳಿರಲಿಲ್ಲ, ಅಕ್ಷರಗಳಷ್ಟೇ ಇದ್ದವು. ಕ್ರೌದರ್ ಗುಹೆಗಳ ಶೋಧಕನೂ ಆಗಿದ್ದ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನೇ ಅಳೆದು ನಕ್ಷೆ ಮಾಡಿದ ದಾರಿಗಳನ್ನೇ ಅವನು ಆಟದ ದಾರಿಗಳನ್ನಾಗಿ ಮಾಡಿದ. ಅನ್ವೇಷಣೆಯ ಆಟಗಳಿಗೆಲ್ಲ ಮೂಲವೆನಿಸಿದ ‘ಅಡ್ವೆಂಚರ್’ ಹುಟ್ಟಿದ್ದು ಹೀಗೆ, ಒಬ್ಬ ತಂದೆ ತಾನು ಚೆನ್ನಾಗಿ ಬಲ್ಲ ಜಾಗವೊಂದನ್ನು ಮಕ್ಕಳಿಗೆ ತೋರಿಸಲು ಬಯಸಿದ್ದರಿಂದ.

ತಾನು ಬಲ್ಲ ಜಾಗವನ್ನು ತನ್ನ ಭಾಷೆಯಲ್ಲೇ ತೋರಿಸಬಹುದು ಎಂಬುದಕ್ಕೂ ನಿದರ್ಶನಗಳಿವೆ. ಅಲಾಸ್ಕದ ಇನ್ಯುಪಿಯಾಕ್ ಭಾಷೆಯನ್ನಾಡುವವರು ಕೆಲವೇ ಸಾವಿರ. ಅಲ್ಲಿನ ಕುಕ್ ಇನ್ಲೆಟ್ ಬುಡಕಟ್ಟು ಮಂಡಳಿ ಮುಂದೆ ನಿಂತು ರೂಪಿಸಿದ ‘ನೆವರ್ ಅಲೋನ್’ ಎಂಬ ಆಟ 2014ರಲ್ಲಿ ಹೊರಬಂತು. ಹಿಮಗಾಳಿಯ ಮೂಲ ಹುಡುಕಿ ಹೊರಡುವ ಬಾಲಕಿ ಮತ್ತು ನರಿಯ ಈ ಕಥೆಯನ್ನು ಹೇಳುವ ದನಿ ಇನ್ಯುಪಿಯಾಕ್ ಭಾಷೆಯದು. ಜಗತ್ತಿನ ಉಳಿದವರು ಅಡಿಬರಹ ಓದಿ ತಿಳಿಯಬೇಕು. ಆ ಜನಪದ ಕಥೆಯನ್ನು ಹೇಳಿ ಪ್ರಸಿದ್ಧರಾಗಿದ್ದ ಹಿರಿಯರು ತೀರಿಕೊಂಡಿದ್ದುದರಿಂದ ಆಟ ಕಟ್ಟಿದವರು ಅವರ ಮಗಳನ್ನು ಕಂಡು ಅನುಮತಿ ಪಡೆದರು. ಸಮುದಾಯದ ಹಿರಿಯರ ಮಾತುಗಳನ್ನು ಚಿತ್ರೀಕರಿಸಿ ಆಟದೊಳಗೇ ಸೇರಿಸಿದರು. ಇನ್ನು 2023ರಲ್ಲಿ ಟೊರಾಂಟೊದ ಪುಟ್ಟ ಸಂಸ್ಥೆಯೊಂದು ಹೊರತಂದ ‘ವೆಣ್ಬಾ’ದ ನಾಯಕಿ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿ. ಅವಳ ಅಮ್ಮನ ಅಡುಗೆ ಪುಸ್ತಕದ ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿ, ಪುಟ್ಟು ಮಾಡುವುದೇ ಆಟ. ಅದು 2024ರಲ್ಲಿ ಬಾಫ್ಟಾದ ಚೊಚ್ಚಲ ಕೃತಿ ಪ್ರಶಸ್ತಿ ಪಡೆಯಿತು. ಕೆಲವೇ ಸಾವಿರ ಜನರ ಭಾಷೆಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಜನರ ಕನ್ನಡಕ್ಕೆ ಏಕೆ ಸಾಧ್ಯವಾಗಬಾರದು?

ಹಾಗೆ ನೋಡಿದರೆ ಆಟ ಮತ್ತು ಕಥೆ ನಮ್ಮಲ್ಲಿ ಎಂದೂ ಬೇರೆಯಾಗಿರಲಿಲ್ಲ. ಬಯಲಾಟ, ಸಣ್ಣಾಟ, ದೊಡ್ಡಾಟ ಎಂದು ನಾಟಕವನ್ನೇ ‘ಆಟ’ವೆಂದು ಕರೆದ ಜನ ನಾವು. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತಕ್ಕೆ ಬಯಲಾಟದ ರೂಪ ಕೊಟ್ಟ. ಕೌಜಲಗಿಯ ನಿಂಗಮ್ಮ ಅದನ್ನು ಜನರ ನಡುವೆ ಆಡಿ ಮನೆಮಾತಾಗಿಸಿದಳು. ಸತ್ಯಭಾಮೆಯ ಮುನಿಸನ್ನು ಈ ಸೀಮೆಯ ಜನ ದ್ವಾರಕೆಯ ಕಥೆಯೆಂದು ದೂರವಿಡಲಿಲ್ಲ, ತಮ್ಮ ಓಣಿಯ ಮನೆಯೊಂದರ ಜಗಳವೆಂಬಂತೆ ಕಂಡರು. ಮರದಲ್ಲಿ ಕೆತ್ತಿ ಬಣ್ಣ ಬಳಿದ ಗೋಕಾಕದ ಹಣ್ಣು ಕಾಯಿಗಳೂ ಹಾಗೆಯೇ, ಕೈಗೆ ತೆಗೆದುಕೊಂಡು ನೋಡುವ ತನಕ ನಿಜವೇ ಎನ್ನಿಸುತ್ತವೆ. ಆಟಿಕೆಗೆ ಹೆಸರಾದ ಊರಿನ ಮಕ್ಕಳು ಇಂದು ಆಡುವ ಆಟಗಳಲ್ಲಿ ಅವರ ಊರೂ ಇಲ್ಲ, ಅವರ ನುಡಿಯೂ ಇಲ್ಲ. ವಿ.ಕೃ. ಗೋಕಾಕರ ವರದಿ 1981ರಲ್ಲಿ ಶಾಲೆಯಲ್ಲಿ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆಗೆ ಉತ್ತರ ಹೇಳಿತು, ಅದರ ಜಾರಿಗಾಗಿ ಜನ ಬೀದಿಗಿಳಿದರು. ಮಕ್ಕಳ ಬಿಡುವಿನ ಹೊತ್ತಿನಲ್ಲಿ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆಯನ್ನು ನಾವಿನ್ನೂ ಗಟ್ಟಿಯಾಗಿ ಕೇಳಿಕೊಂಡಿಲ್ಲ.

ಸಾಧನಗಳ ಕೊರತೆ ಇದಕ್ಕೆ ಪೂರ್ತಿ ನೆಪವಾಗಲಾರದು. ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ರೂಪಿಸಿದ್ದು ಕರ್ನಾಟಕ. 2024ರಿಂದ 2029ರ ಅವಧಿಗೆ ಅದರ ಹೊಸ ಆವೃತ್ತಿಯೂ ಬಂದಿದೆ. ಇಂಥ ನೀತಿಗಳಲ್ಲಿ ಉದ್ಯೋಗ, ಬಂಡವಾಳ, ರಫ್ತಿನ ಲೆಕ್ಕಕ್ಕೆ ಜಾಗವಿರುವುದು ಸರಿಯೇ. ಅದರ ಜೊತೆಗೆ ಕನ್ನಡದ ಕಥೆಯನ್ನು ಕನ್ನಡದಲ್ಲೇ ಹೇಳುವ ಕೆಲವು ಸಣ್ಣ ಆಟಗಳಿಗಾದರೂ ನೆರವು ಮೀಸಲಿಡುವುದು ಕಷ್ಟವೇ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇದೆ. ಚರಿತ್ರೆ, ಸಾಹಿತ್ಯ ಕಲಿಸುವ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕೋಡ್ ಬರೆಯುವ ಹುಡುಗರನ್ನೂ ಕಥೆ ಬಲ್ಲವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವವರು ಬೇಕಾಗಿದ್ದಾರೆ.

ಎಚ್ಚರವೂ ಬೇಕು. ‘ಎಡಿತ್ ಫಿಂಚ್’ ಸಣ್ಣ ಮಕ್ಕಳಿಗೆ ಹೇಳಿಸಿದ ಆಟವಲ್ಲ. ಸಾವು, ಆತ್ಮಹತ್ಯೆಗಳ ಛಾಯೆ ಅದರಲ್ಲಿದೆ. ಹಿರಿಯರು ಪಕ್ಕದಲ್ಲಿ ಕೂತು, ಮಾತನಾಡುತ್ತ, ದೊಡ್ಡ ಮಕ್ಕಳೊಡನೆ ಆಡಬೇಕಾದದ್ದು. ಮಗ ಆಡುವ ಆಟದ ಹೆಸರು, ಅದರ ಬಗೆ ತಿಳಿದಿರುವ ತಂದೆಗೆ ಬೇಡ ಎನ್ನುವ ಅಧಿಕಾರದ ಜೊತೆಗೆ ಇದನ್ನು ಆಡು ಎನ್ನುವ ಅವಕಾಶವೂ ಸಿಗುತ್ತದೆ. ಇನ್ನೊಂದು ಎಚ್ಚರ ಆಟ ಕಟ್ಟುವವರಿಗೆ ಸಂಬಂಧಿಸಿದ್ದು. ಮುಳುಗಡೆಯ ಊರು ಚಂದದ ಹಿನ್ನೆಲೆ ಚಿತ್ರವಲ್ಲ. ಹೊಲ, ಮನೆ, ಗುಡಿ ಬಿಟ್ಟು ಗಂಟು ಮೂಟೆ ಕಟ್ಟಿದವರ ನೋವು ಅದರಲ್ಲಿದೆ. ಅವರನ್ನು ಕೇಳದೆ, ಅವರು ಒಪ್ಪದೆ, ಆ ಕಥೆಯನ್ನು ಯಾರೂ ಸರಕಾಗಿಸಬಾರದು. ಕೆಲವರು ಹೇಳಲು ಬಯಸಿಯಾರು, ಕೆಲವರು ಎಡಿತ್‌ಳ ತಾಯಿಯಂತೆ ಬಾಗಿಲು ಮುಚ್ಚಿಯಾರು. ಎರಡನ್ನೂ ಗೌರವಿಸಬೇಕು.

ಆದರೆ ಕೇಳುವ ಕೆಲಸಕ್ಕೆ ಕಾಲದ ಮಿತಿಯಿದೆ. ಹಿಡಕಲ್ ಅಣೆಕಟ್ಟು ಏಳುತ್ತಿದ್ದ ದಿನಗಳಲ್ಲಿ ಹರೆಯದಲ್ಲಿದ್ದವರು ಇಂದು ಎಪ್ಪತ್ತು, ಎಂಬತ್ತು ದಾಟಿದ ಅಜ್ಜ ಅಜ್ಜಿಯರು. ವಿಠ್ಠಲನ ಗುಡಿಯ ಎಡಕ್ಕೆ ಯಾರ ಮನೆಯಿತ್ತು, ಬಾವಿಗೆ ಹೋಗುವ ದಾರಿ ಯಾವುದು, ಊರು ಬಿಟ್ಟ ದಿನ ಯಾರ ಮನೆಯ ಒಲೆ ಕೊನೆಗೆ ಆರಿತು ಎಂಬುದನ್ನು ಬಲ್ಲವರು ಅವರು ಮಾತ್ರ. ಇದನ್ನು ದಾಖಲಿಸಲು ದೊಡ್ಡ ಸಂಸ್ಥೆ, ಕೋಟಿಯ ಅನುದಾನ ಯಾವುದೂ ಬೇಡ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲೂ ಧ್ವನಿಮುದ್ರಣ ಮಾಡಬಲ್ಲ ಮೊಬೈಲ್ ಇದೆ. ಒಂದು ಬೇಸಿಗೆ ರಜೆಯಲ್ಲಿ ಹತ್ತು ಹುಡುಗ ಹುಡುಗಿಯರು ಮನೆ ಮನೆಗೆ ಹೋಗಿ ಕೂತರೆ ಹುನ್ನೂರಿನ ನಕ್ಷೆಯೊಂದು ಅಜ್ಜಿಯರ ಮಾತಿನಿಂದಲೇ ಮೂಡೀತು. ಅದು ಮುಂದೆ ಆಟವಾದೀತು, ಪುಸ್ತಕವಾದೀತು, ಏನೂ ಆಗದೆ ಕಡತವಾಗಿಯೇ ಉಳಿದರೂ ನಷ್ಟವಿಲ್ಲ. ಜಲಾಶಯದ ನೀರು ಮುಂದಿನ ಬೇಸಿಗೆಗಳಲ್ಲೂ ಇಳಿದೀತು, ಗುಡಿಯೂ ಕಾಣಿಸೀತು. ಅದರ ಸುತ್ತ ಇದ್ದ ಊರನ್ನು ಬೆರಳು ಮಾಡಿ ತೋರಿಸುವವರು ಇರುವಾಗಲೇ ಈ ಕೆಲಸ ಆರಂಭವಾಗಬೇಕು.